ನಿಮಗಿದು ಗೊತ್ತೆ? ತಂತ್ರಾಂಶಗಳ ನಡುವಿನ ಕರಾರುಪತ್ರ
ಒಂದು ಸಂಸ್ಥೆಯ ಜಾವಾ ತಂತ್ರಾಂಶ ಇನ್ನೊಂದರ ಡಾಟ್‌ನೆಟ್ ತಂತ್ರಾಂಶದೊಡನೆ ತಪ್ಪಿಲ್ಲದೆ ವ್ಯವಹರಿಸುವುದು ಹೇಗೆ? ಎಷ್ಟೋ ಕಡೆ ಇದಕ್ಕೆ ಆಧಾರ ‘ಡಬ್ಲ್ಯುಎಸ್‌ಡಿಎಲ್’ ಎಂಬ ಎಕ್ಸ್‌ಎಂಎಲ್ ಕಡತ. ಐಬಿಎಂ, ಮೈಕ್ರೋಸಾಫ್ಟ್ ಮತ್ತು ಅರಿಬಾ ಸಲ್ಲಿಸಿದ ಇದರ 1.1ನೇ ಆವೃತ್ತಿಯನ್ನು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಪ್ರಕಟಿಸಿದ್ದು 2001ರ ಮಾರ್ಚ್‌ನಲ್ಲಿ. 2007ರಲ್ಲಿ 2.0 ಬಂದರೂ ಹೆಚ್ಚು ಬಳಕೆಯಲ್ಲಿ ಉಳಿದದ್ದು ಹಳೆಯದೇ.

ಯಾವ ಸಂದೇಶ ಕಳಿಸಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ, ಒಳಗಿರುವುದು ದಿನಾಂಕವೋ ಸಂಖ್ಯೆಯೋ ಎಂಬುದೆಲ್ಲ ಈ ಕಡತದಲ್ಲೇ ಇರುತ್ತದೆ. ಅದನ್ನು ಓದಿ ಸಂಪರ್ಕದ ಕೋಡನ್ನು ಕಂಪ್ಯೂಟರೇ ಬರೆದುಕೊಡುತ್ತದೆ; ಇದರ ನಿಜವಾದ ಸೊಗಸು ಇದೇ.

ತಂತ್ರಾಂಶಗಳನ್ನು ಜೋಡಿಸುವಾಗ ಈ ಕಡತದ ‘ಸರ್ವಿಸ್’ ಭಾಗದ ‘ಲೊಕೇಶನ್’ ವಿಳಾಸವನ್ನು ನೋಡಲೇಬೇಕು. ಅಲ್ಲಿ ಪರೀಕ್ಷೆಗೆ ಬಳಸಿದ ಸರ್ವರ್‌ನ ವಿಳಾಸವೇ ಉಳಿದಿದ್ದರೆ, ಮಿಕ್ಕೆಲ್ಲ ಸರಿಯಿದ್ದರೂ ಸಂದೇಶ ಹೋಗುವುದು ಆ ಹಳೆಯ ಸರ್ವರ್‌ಗೇ.