ಹಳೆಯ ಪೋರ್ಷೆ 944: ನಿತ್ಯದ ಓಡಾಟಕ್ಕೆ ಅಗ್ಗವೇ?

ವೆಸ್ಟ್ ಕೊವಿನಾದಿಂದ 10ನೆಯ ಹೆದ್ದಾರಿಯಲ್ಲಿ ಲಾಸ್ ಏಂಜಲೀಸಿಗೆ ನಿತ್ಯ ಓಡಾಡುವವರಿಗೆ ಹಳೆಯ ಪೋರ್ಷೆ 944 ಮಿತವ್ಯಯದ ವಾಹನವಾದೀತೇ? 1982ರಿಂದ 1991ರವರೆಗೆ ತಯಾರಾದ ಈ ಕೂಪೆಗೆ ಮೊದಲಿದ್ದುದು 2.5 ಲೀಟರಿನ, ನಾಲ್ಕೇ ಸಿಲಿಂಡರಿನ ಎಂಜಿನ್. ಪೆಟ್ರೋಲಿನ ಖರ್ಚು ಭಯಪಡುವಷ್ಟಿಲ್ಲ. ಅಪಾಯವಿರುವುದು ಟೈಮಿಂಗ್ ಬೆಲ್ಟಿನಲ್ಲಿ. ಈ ರಬ್ಬರಿನ ಪಟ್ಟಿ ಹರಿದರೆ ಕವಾಟಗಳು ತೆರೆದಲ್ಲೇ ನಿಲ್ಲುತ್ತವೆ. ಮೇಲೇರುವ ಪಿಸ್ಟನ್ನುಗಳು ಅವಕ್ಕೆ ಬಡಿದು ಬಾಗಿಸುತ್ತವೆ. ದುರಸ್ತಿಯ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಓಡಿದ ಮೈಲಿ ಕಡಿಮೆಯೆಂಬುದು ಇಲ್ಲಿ ಸಮಾಧಾನವಲ್ಲ; ನಿಂತ ಕಾರಿನ ರಬ್ಬರಿಗೂ ಮುಪ್ಪು ತಪ್ಪದು. ಆದ್ದರಿಂದ ಬೆಲ್ಟ್ ಬದಲಿಸಿದ ದಿನಾಂಕವುಳ್ಳ ರಸೀದಿಯನ್ನು ಕೇಳಬೇಕು (ರೋಗಿಯ ಹಿಂದಿನ ಕಡತವನ್ನು ನಾವು ವೈದ್ಯರು ಕೇಳುವುದಿಲ್ಲವೇ?). ಅದಿಲ್ಲದಿದ್ದರೆ ಹೊಸ ಬೆಲ್ಟಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕ್ಯಾಲಿಫೋರ್ನಿಯಾದಲ್ಲಿ ಇಂತಹ ಕಾರಿಗೆ ಸ್ಮಾಗ್ ಪ್ರಮಾಣಪತ್ರ ಒದಗಿಸುವುದು ಮಾರುವವರ ಹೊಣೆ; ಅದು ಕೈಸೇರುವವರೆಗೆ ಹಣ ಕೊಡಬೇಡಿ.