ಎಳೆ ಹೇಂಟೆ ಪುಕ್ಕ ಉದುರಿಸಿದರೆ...

ಮೊಟ್ಟೆ ಇಡಲು ಶುರು ಮಾಡಿ ಇನ್ನೂ ಎರಡು ತಿಂಗಳಾಗಿಲ್ಲ. ಇದ್ದಕ್ಕಿದ್ದಂತೆ ಮೊಟ್ಟೆ ನಿಂತಿದೆ. ಗೂಡು ತೆರೆದರೆ ನೆಲದ ತುಂಬ ಪುಕ್ಕ, ಕೋಳಿಯ ಕತ್ತು ಬೋಳು. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಾಗಲಿ, ತುಮಕೂರು ನಗರದ ಹಿತ್ತಿಲಲ್ಲಾಗಲಿ ನಾಲ್ಕೈದು ಕೋಳಿ ಸಾಕುವ ಗೃಹಿಣಿಗೆ ಇದು ಚಿಂತೆಯ ವಿಷಯ. ಕೆಲವರು ದೃಷ್ಟಿ ತಾಗಿತು ಎನ್ನುತ್ತಾರೆ. ಕೆಲವರು ರೋಗವೆಂದು ಹೆದರಿ ಕೇಳಿದ ಬೆಲೆಗೆ ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ. ಮೊಟ್ಟೆ ಮಾರಿದ ದುಡ್ಡಿನಲ್ಲಿ ಮಕ್ಕಳ ನೋಟ್‌ಬುಕ್ ಕೊಳ್ಳುವ ಮನೆಗೆ ಇದು ಸಣ್ಣ ನಷ್ಟವಲ್ಲ. ಮಾರುವ ಮೊದಲು ಸ್ವಲ್ಪ ತಾಳಿ. ಹೆಚ್ಚಿನ ಸಂದರ್ಭಗಳಲ್ಲಿ ಆ ಕೋಳಿ ಮತ್ತೆ ಮೊಟ್ಟೆಗೆ ಬರುತ್ತದೆ.

ವಯಸ್ಸು ಲೆಕ್ಕ ಹಾಕಿ

ಮರಿ ಬೆಳೆದು ಮೊಟ್ಟೆಗೆ ಬರುವ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಬಾರಿ ಪುಕ್ಕ ಬದಲಿಸುತ್ತದೆ. ಆದ್ದರಿಂದ ನಾಲ್ಕು ತಿಂಗಳ ಮರಿ ಪುಕ್ಕ ಉದುರಿಸಿದರೆ ಗಾಬರಿ ಬೇಡ. ಆನಂತರ ಪೂರ್ತಿ ಪುಕ್ಕ ಬದಲಿಸುವುದು ಸಾಮಾನ್ಯವಾಗಿ ಹದಿನೈದರಿಂದ ಹದಿನೆಂಟು ತಿಂಗಳ ವಯಸ್ಸಿನಲ್ಲಿ. ಇವೆರಡರ ನಡುವೆ, ಅಂದರೆ ಏಳೆಂಟು ತಿಂಗಳ ಹೇಂಟೆ ಉದುರಿಸಿದರೆ ಮಾತ್ರ ಕಾರಣ ಹುಡುಕಬೇಕು.

ಮೊದಲು ಚರ್ಮ ನೋಡಿ

ರಾತ್ರಿ ಕೋಳಿ ಗೂಡಿನಲ್ಲಿ ಕೂತಾಗ ಟಾರ್ಚ್ ಹಿಡಿದು ಪುಕ್ಕ ಸರಿಸಿ ನೋಡಿ. ಮುಳ್ಳಿನಂತೆ ಹೊಸ ಪುಕ್ಕ ಮೂಡುತ್ತಿದ್ದರೆ ಅದು ಸಹಜವಾದ ಪುಕ್ಕ ಬದಲಾವಣೆ. ಇದು ತಲೆ, ಕತ್ತಿನಿಂದ ಶುರುವಾಗಿ ಎದೆ, ಮೈ, ರೆಕ್ಕೆ, ಬಾಲದ ಕಡೆಗೆ ಸಾಗುತ್ತದೆ. ಪುಕ್ಕ ಅರ್ಧಕ್ಕೆ ಮುರಿದಿದ್ದರೆ, ಚರ್ಮ ಕೆಂಪಾಗಿ ಗಾಯವಾಗಿದ್ದರೆ ಬೇರೆ ಕೋಳಿಗಳು ಕುಕ್ಕುತ್ತಿವೆ. ಹೆಚ್ಚಾಗಿ ಜಾಗ ಸಾಲದೆ ಹೀಗಾಗುತ್ತದೆ. ರೆಕ್ಕೆಯ ಅಡಿ ಮತ್ತು ಗುದದ ಸುತ್ತ ಹೇನು ಹರಿಯುತ್ತಿದ್ದರೆ ತುರಿಕೆಯೇ ಕಾರಣ. ಕಾವಿಗೆ ಕೂರುವ ನಾಟಿ ಕೋಳಿ ತನ್ನ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಳ್ಳುವುದೂ ಉಂಟು.

ಕಳೆದ ಹದಿನೈದು ದಿನ ನೆನಪಿಸಿಕೊಳ್ಳಿ

ಹೊಸ ಪುಕ್ಕ ಮೂಡುತ್ತಿದ್ದರೆ ನಿಮ್ಮನ್ನೇ ಕೇಳಿಕೊಳ್ಳಿ: ಮದುವೆಗೆಂದು ಎರಡು ದಿನ ಮನೆಗೆ ಬೀಗ ಹಾಕಿದ್ದೆವೇ? ನೀರಿನ ಬಟ್ಟಲು ಒಣಗಿತ್ತೇ? ನಾಯಿ, ಮುಂಗುಸಿ ನುಗ್ಗಿತ್ತೇ? ಗೂಡಿನ ಜಾಗ ಬದಲಿಸಿದೆವೇ? ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಬೆಂದವೇ? ನೀರು, ಮೇವು ನಿಂತರೆ ಕೋಳಿಯ ದೇಹ ಮೊಟ್ಟೆಯನ್ನು ಕೈಬಿಟ್ಟು ಪುಕ್ಕ ಉದುರಿಸಲು ಶುರು ಮಾಡುತ್ತದೆ. ಇದನ್ನು ತಿಳಿದೇ ದೊಡ್ಡ ಫಾರಂಗಳಲ್ಲಿ ಕೋಳಿಗಳನ್ನು ದಿನಗಟ್ಟಲೆ ಉಪವಾಸ ಕೆಡವಿ ಬೇಕೆಂದೇ ಪುಕ್ಕ ಉದುರಿಸುವ ಪದ್ಧತಿಯಿತ್ತು. ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ವಿರುದ್ಧ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲಿ ತಿಳಿಸಿತು. ಅವರು ಲಾಭಕ್ಕಾಗಿ ಮಾಡಿದ್ದು ನಮ್ಮ ಹಿತ್ತಿಲಲ್ಲಿ ಮರೆವಿನಿಂದ ಆಗುತ್ತದೆ.

ಬೆಳಕಿನದೂ ಒಂದು ಪಾತ್ರವಿದೆ. ಹಗಲು ಕುಗ್ಗಿದಾಗ ಕೋಳಿ ಪುಕ್ಕ ಬದಲಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಆದರೆ ಮನೆಯ ದೀಪದ ಲೆಕ್ಕ ಬೇರೆ. ರಮಝಾನಿನಲ್ಲಿ ಸಹರಿಗೆ ಹಚ್ಚಿದ ಅಡುಗೆಮನೆಯ ದೀಪ ಗೂಡಿನ ಮೇಲೆ ಬೀಳುತ್ತಿದ್ದರೆ ಕೋಳಿಯ ಹಗಲು ಒಂದು ತಿಂಗಳು ಉದ್ದವಾಗುತ್ತದೆ. ಈದ್ ಮುಗಿದೊಡನೆ ತಟ್ಟನೆ ಗಿಡ್ಡವಾಗುತ್ತದೆ. ಇದೂ ಪುಕ್ಕ ಉದುರಲು ಕಾರಣವಾಗಬಹುದು. ಗೂಡಿಗೆ ಒಂದು ಗೋಣಿಚೀಲದ ಪರದೆ ಕಟ್ಟಿದರೆ ಸಾಕು.

ಏನು ಕೊಡಬೇಕು?

ಪುಕ್ಕದ ಸುಮಾರು ಶೇಕಡಾ 85 ಭಾಗ ಪ್ರೋಟೀನ್. ಬರೀ ರಾಗಿ, ನುಚ್ಚಕ್ಕಿ ತಿಂದ ಕೋಳಿ ಅದನ್ನು ಎಲ್ಲಿಂದ ತರಬೇಕು? ಬೇಯಿಸಿದ ಹುರುಳಿ, ಒಣಮೀನಿನ ಪುಡಿ, ನುಗ್ಗೆಸೊಪ್ಪು, ಗೆದ್ದಲು ಕೊಡಿ. ತಿಪಟೂರಿನ ಕೊಬ್ಬರಿಯ ಜಿಲ್ಲೆ ನಮ್ಮದು. ಕೊಬ್ಬರಿ ಹಿಂಡಿ ಸಿಕ್ಕರೆ ಸ್ವಲ್ಪ ಬೆರೆಸಿ. ಕಡಲೆಕಾಯಿ ಹಿಂಡಿ ಇನ್ನೂ ಒಳ್ಳೆಯದು. ಆದರೆ ಬೂಸ್ಟು ಹಿಡಿದ ಹಿಂಡಿಯನ್ನು ಕೊಡಲೇಬೇಡಿ, ಅದು ಲಿವರ್ ಹಾಳು ಮಾಡುತ್ತದೆ. ಶುದ್ಧ ನೀರು ಸದಾ ಇರಲಿ. ಹೊಸ ಪುಕ್ಕದ ಬುಡದಲ್ಲಿ ರಕ್ತವಿರುವುದರಿಂದ ಮುಟ್ಟಿದರೆ ನೋವಾಗುತ್ತದೆ; ಮಕ್ಕಳು ಎತ್ತಿಕೊಳ್ಳದಂತೆ ನೋಡಿಕೊಳ್ಳಿ.

ಹೇನಿದ್ದರೆ ಒಣ ಮಣ್ಣಿಗೆ ಒಲೆಯ ಬೂದಿ ಬೆರೆಸಿ ಹೊರಳಾಡಲು ಬಿಡಿ, ಗೂಡಿನ ಸಂದುಗಳನ್ನು ಶುಚಿ ಮಾಡಿ. ತೋಟಕ್ಕೆ ಹೊಡೆಯುವ ಔಷಧವನ್ನು ಕೋಳಿಯ ಮೈಗೆ ಹಾಕುವುದು ಅಪಾಯ. ಆ ವಿಷ ಮೊಟ್ಟೆಯ ಮೂಲಕ ಮಕ್ಕಳ ತಟ್ಟೆಗೂ ಬರಬಹುದು.

ಯಾವಾಗ ಹೆದರಬೇಕು?

ಪುಕ್ಕ ಬದಲಿಸುವ ಕೋಳಿ ಸ್ವಲ್ಪ ಮಂಕಾಗಿದ್ದರೂ ಮೇವು ತಿನ್ನುತ್ತದೆ, ಓಡಾಡುತ್ತದೆ. ಮೇವು ಬಿಟ್ಟು ತೂಕಡಿಸಿದರೆ, ಹಸಿರು ಹಿಕ್ಕೆ ಹಾಕಿದರೆ, ಬಾಯಿ ತೆರೆದು ಉಸಿರಾಡಿದರೆ, ಕತ್ತು ತಿರುಚಿದರೆ ಅದು ಕೊಕ್ಕರೆ ರೋಗವಿರಬಹುದು. ಕೂಡಲೇ ಬೇರೆ ಇಟ್ಟು ಪಶು ಆಸ್ಪತ್ರೆಗೆ ತಿಳಿಸಿ. ಅಂಥ ಕೋಳಿಯನ್ನು ಸಂತೆಗೆ ಒಯ್ದರೆ ಇತರರ ಕೋಳಿಗಳಿಗೂ ರೋಗ ಹಂಚಿದಂತೆ.

ಉಳಿದಂತೆ ಎರಡು ಮೂರು ತಿಂಗಳು ಕಾಯಿರಿ. ಕೂಡಿ ಹಾಕಿದ ಪ್ರಾಣಿ ತನ್ನ ಮೇವು, ನೀರು ತಾನೇ ಹುಡುಕಿಕೊಳ್ಳಲಾರದು. ಅದರ ಹೊಣೆ ನಮ್ಮದು. ಇನ್ನು ಮುಂದೆ ನೆಂಟರ ಮನೆಗೆ ಹೊರಡುವಾಗ ಬೀಗದ ಕೈ ಹುಡುಕುವ ಮೊದಲು ಪಕ್ಕದ ಮನೆಯಾಕೆಗೆ ಕೋಳಿಗಳ ನೀರಿನ ಬಟ್ಟಲನ್ನು ತೋರಿಸಿ ಬನ್ನಿ.