ಟೀವಿ ತೋರಿಸಿತು, ಊರು ಉಳಿಸಿಕೊಂಡಿತು: ಗ್ಯೋಜಾ ನಗರಿ ಉತ್ಸುನೊಮಿಯಾಗೆ ಒಂದು ದಿನ

ಟೀವಿಯಲ್ಲಿ ಯಾವುದೋ ಊರಿನ ಪುಟ್ಟ ಹೋಟೆಲನ್ನು ತೋರಿಸುತ್ತಾರೆ. ನಿರೂಪಕ ತುತ್ತು ಬಾಯಿಗಿಟ್ಟು ಕಣ್ಣರಳಿಸುತ್ತಾನೆ. ಮುಂದಿನ ಭಾನುವಾರ ಆ ಹೋಟೆಲಿನ ಮುಂದೆ ಸಾಲು ನಿಲ್ಲುತ್ತದೆ. ಇದು ಎಲ್ಲ ದೇಶಗಳಲ್ಲೂ ಕಾಣುವ ದೃಶ್ಯ. ಆದರೆ ಆ ಸಾಲು ಮೂರು ದಶಕಗಳಾದರೂ ಕರಗದೆ ಉಳಿದರೆ? ಜಪಾನಿನ ಉತ್ಸುನೊಮಿಯಾ ನಗರದಲ್ಲಿ ಆಗಿರುವುದು ಅದೇ.

ಟೋಕಿಯೊದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಉತ್ಸುನೊಮಿಯಾ, ತೊಚಿಗಿ ಪ್ರಾಂತ್ಯದ ರಾಜಧಾನಿ. ಜನಸಂಖ್ಯೆ 5 ಲಕ್ಷದ ಆಸುಪಾಸು. ಸಮೀಪದ ನಿಕ್ಕೊ ಎಂಬ ದೇವಾಲಯಗಳ ಊರಿಗೆ ಹೋಗುವವರು ಇಲ್ಲಿ ರೈಲು ಬದಲಿಸಿ ಮುಂದೆ ಸಾಗುವುದು ವಾಡಿಕೆ. ಇಳಿದು ನೋಡುವಂಥದ್ದು ಇಲ್ಲೇನಿದೆ ಎಂಬ ಪ್ರಶ್ನೆಗೆ ಊರಿನವರ ಬಳಿಯೂ ಬಹುಕಾಲ ಚುರುಕಾದ ಉತ್ತರವಿರಲಿಲ್ಲ. ಈಗಿರುವ ಉತ್ತರ ಒಂದೇ: ಗ್ಯೋಜಾ.

ಕರ್ಜಿಕಾಯಿಯ ಆಕಾರ, ಸೈನಿಕರ ನಂಟು

ಗ್ಯೋಜಾ ಎಂದರೆ ನೋಡಲು ನಮ್ಮ ಕರ್ಜಿಕಾಯಿಯಂತೆ ಅರ್ಧಚಂದ್ರಾಕಾರದ ತಿಂಡಿ. ಗೋಧಿ ಹಿಟ್ಟಿನ ತೆಳುವಾದ ಹಾಳೆಯೊಳಗೆ ಸಣ್ಣಗೆ ಹೆಚ್ಚಿದ ಎಲೆಕೋಸು, ಬೆಳ್ಳುಳ್ಳಿಯ ವಾಸನೆಯ ನಿರಾ ಸೊಪ್ಪು ಮತ್ತು ಹಂದಿ ಮಾಂಸದ ಹೂರಣ. ಕಾವಲಿಯ ಮೇಲೆ ಸಾಲಾಗಿ ಜೋಡಿಸಿ, ನೀರು ಸುರಿದು ಮುಚ್ಚಳ ಮುಚ್ಚಿದರೆ ಮೇಲ್ಭಾಗ ಹಬೆಯಲ್ಲಿ ಬೇಯುತ್ತದೆ. ನೀರಿಂಗಿದ ಮೇಲೆ ತಳಭಾಗ ಗರಿಗರಿಯಾಗುತ್ತದೆ. ನೀರಿನಲ್ಲಿ ಬೇಯಿಸಿದ ಮತ್ತು ಎಣ್ಣೆಯಲ್ಲಿ ಕರಿದ ಬಗೆಗಳೂ ಉಂಟು.

ಇದರ ಮೂಲ ಚೀನಾ. ಉತ್ಸುನೊಮಿಯಾದಲ್ಲಿ ನೆಲೆ ಹೊಂದಿದ್ದ ಜಪಾನಿ ಸೇನೆಯ 14ನೇ ಡಿವಿಷನ್ ಮಂಚೂರಿಯಾಕ್ಕೆ ಹೋಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಅಲ್ಲಿಂದ ಮರಳಿದವರು ಈ ತಿಂಡಿಯ ರುಚಿಯನ್ನೂ ವಿಧಾನವನ್ನೂ ಹೊತ್ತು ತಂದರೆಂಬುದು ಊರಿನವರು ಹೇಳುವ ಕಥೆ. ತೊಚಿಗಿ ಪ್ರಾಂತ್ಯ ನಿರಾ ಸೊಪ್ಪು ಬೆಳೆಯುವುದರಲ್ಲಿ ದೇಶದ ಮುಂಚೂಣಿಯಲ್ಲಿರುವುದೂ ಅನುಕೂಲವಾಯಿತು. ಹೀಗೆ ಬೇರೂರಿದ ಗ್ಯೋಜಾ ಇಲ್ಲಿ ಹಬ್ಬದಡುಗೆಯಲ್ಲ, ದಿನನಿತ್ಯದ ತಿನಿಸು.

ಅಂಕಿಅಂಶದಿಂದ ಕ್ಯಾಮೆರಾದವರೆಗೆ

ಕಥೆಗೆ ತಿರುವು ಸಿಕ್ಕಿದ್ದು ಅಡುಗೆಮನೆಯಲ್ಲಲ್ಲ, ಸರ್ಕಾರಿ ಕಚೇರಿಯಲ್ಲಿ. ಜಪಾನ್ ಸರ್ಕಾರ ಕುಟುಂಬಗಳ ಆದಾಯ ಮತ್ತು ಖರ್ಚಿನ ಸಮೀಕ್ಷೆ ನಡೆಸುತ್ತದೆ. ಗ್ಯೋಜಾ ಖರೀದಿಗೆ ಅತಿ ಹೆಚ್ಚು ಹಣ ವ್ಯಯಿಸುವ ನಗರ ಉತ್ಸುನೊಮಿಯಾ ಎಂಬ ಸಂಗತಿ 1990ರ ಸುಮಾರಿಗೆ ನಗರಾಡಳಿತದ ನೌಕರರ ಗಮನಕ್ಕೆ ಬಂತು. ಪ್ರವಾಸಿಗರನ್ನು ಸೆಳೆಯಲು ಇದನ್ನೇ ಏಕೆ ಬಳಸಬಾರದು ಎಂದು ಅವರು ಯೋಚಿಸಿದರು.

1993ರಲ್ಲಿ ಟೀವಿ ಟೋಕಿಯೊ ವಾಹಿನಿಯಲ್ಲಿ ಹಾಸ್ಯ ಕಲಾವಿದೆ ಯಮಾದಾ ಕುನಿಕೊ ನಡೆಸುತ್ತಿದ್ದ ಕಾರ್ಯಕ್ರಮವು ಈ ಊರಿನ ಗ್ಯೋಜಾವನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ಹೋಟೆಲಿನವರು ಸೇರಿ ಗ್ಯೋಜಾ ಸಂಘ ಕಟ್ಟಿಕೊಂಡರು. 1994ರಲ್ಲಿ ರೈಲು ನಿಲ್ದಾಣದೆದುರು ಸ್ಥಳೀಯ ಓಯಾ ಕಲ್ಲಿನ ಪ್ರತಿಮೆಯೊಂದು ನಿಂತಿತು. ಗ್ಯೋಜಾದ ಹಾಳೆಯನ್ನೇ ಹೊದ್ದ ವೀನಸ್ ದೇವತೆ! 2008ರಲ್ಲಿ ಪ್ರತಿಮೆಯನ್ನು ನಿಲ್ದಾಣದ ಇನ್ನೊಂದು ಬದಿಗೆ ಸಾಗಿಸುವಾಗ ಅದು ಮುರಿಯಿತು. ಅದನ್ನು ದುರಸ್ತಿ ಮಾಡಿ ಮತ್ತೆ ನಿಲ್ಲಿಸಲಾಯಿತು. ಮುರಿದ ಸುದ್ದಿಯೂ ಊರಿಗೆ ಪ್ರಚಾರವನ್ನೇ ತಂದಿತು.

ದಿನ ಕಳೆಯುವುದು ಹೇಗೆ?

ಟೋಕಿಯೊದಿಂದ ಶಿಂಕಾನ್ಸೆನ್ ರೈಲು ಹಿಡಿದರೆ ಸುಮಾರು 50 ನಿಮಿಷ. ಸಾಮಾನ್ಯ ರೈಲಿನಲ್ಲಿ ಅದರ ಎರಡರಷ್ಟು ಸಮಯ, ಆದರೆ ಖರ್ಚು ಬಹಳ ಕಡಿಮೆ. ಮಧ್ಯಾಹ್ನದ ಊಟದ ಹೊತ್ತಿಗೆ ಮುಂಚೆ ತಲುಪುವುದು ಜಾಣತನ. ರಜಾದಿನಗಳಲ್ಲಿ ಹೆಸರಾಂತ ಹೋಟೆಲುಗಳ ಮುಂದೆ ಬೇಗನೆ ಸಾಲು ಬೆಳೆಯುತ್ತದೆ. ವಾರದ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿಕೊಳ್ಳುವುದೂ ಒಳ್ಳೆಯದು.

ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳುವುದು ಇಲ್ಲಿ ಸಲ್ಲದು. ಒಂದು ತಟ್ಟೆಗೆ ಸಾಮಾನ್ಯವಾಗಿ ಆರು ಗ್ಯೋಜಾ. ಒಂದೊಂದು ಹೋಟೆಲಿನಲ್ಲಿ ಒಂದೊಂದು ತಟ್ಟೆ ತಿಂದು ಮುಂದೆ ನಡೆಯುವುದೇ ರೂಢಿ. 1958ರಿಂದ ನಡೆಯುತ್ತಿರುವ ‘ಮಿನ್‌ಮಿನ್’ ಬಹುತೇಕರ ಮೊದಲ ನಿಲ್ದಾಣ. ‘ಮಸಾಶಿ’ಯಲ್ಲಿ ಗ್ಯೋಜಾ ಬಿಟ್ಟು ಬೇರೇನೂ ಇಲ್ಲ, ಅನ್ನವೂ ಇಲ್ಲ, ಬಿಯರೂ ಇಲ್ಲ. ಅಲೆದಾಡಲು ಆಗದವರಿಗೆ ಗ್ಯೋಜಾ ಸಂಘವೇ ನಡೆಸುವ ‘ಕಿರಾಸ್ಸೆ’ಯಲ್ಲಿ ಹಲವು ಹೋಟೆಲುಗಳ ಗ್ಯೋಜಾ ಒಂದೇ ಸೂರಿನಡಿ ಲಭ್ಯ.

ಸಸ್ಯಾಹಾರಿಗಳಿಗೆ ಮತ್ತು ಹಂದಿ ಮಾಂಸ ವರ್ಜ್ಯವಿರುವವರಿಗೆ ಎಚ್ಚರಿಕೆಯ ಮಾತು: ತರಕಾರಿಯೇ ಹೆಚ್ಚೆಂದು ಹೇಳುವ ಗ್ಯೋಜಾದಲ್ಲೂ ಮಾಂಸವಿರುತ್ತದೆ. ಕೇಳಿಯೇ ತಿನ್ನಬೇಕು. ತಿನ್ನಲಾಗದವರಿಗೂ ಊರು ನಿರಾಸೆ ಮಾಡದು. ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಓಯಾ ಕಲ್ಲಿನ ಭಾರಿ ಭೂಗತ ಗಣಿಯಿದೆ. ಕಲ್ಲು ಕಡಿದು ಉಳಿದ ಅದರ ವಿಶಾಲ ಒಡಲು ಇಂದು ವಸ್ತುಸಂಗ್ರಹಾಲಯ.

ಪಟ್ಟ ಕೈತಪ್ಪಿದಾಗ

ಟೀವಿ ತಂದ ಕೀರ್ತಿಗೆ ಆಯುಷ್ಯ ಕಡಿಮೆ ಎನ್ನುತ್ತಾರೆ. ಉತ್ಸುನೊಮಿಯಾಗೂ ಪರೀಕ್ಷೆ ಎದುರಾಯಿತು. 2010ರವರೆಗೆ ಸತತ 15 ವರ್ಷ ಸಮೀಕ್ಷೆಯಲ್ಲಿ ಮೊದಲ ಸ್ಥಾನದಲ್ಲಿದ್ದ ನಗರವನ್ನು 2011ರಲ್ಲಿ ಹಮಾಮಾತ್ಸು ಹಿಂದಿಕ್ಕಿತು. 2021ರಲ್ಲಿ ದಕ್ಷಿಣದ ಮಿಯಾಜಾಕಿ ಮೊದಲ ಸ್ಥಾನಕ್ಕೇರಿತು. ಸ್ವಾರಸ್ಯವೆಂದರೆ, ಈ ಸಮೀಕ್ಷೆಯ ಲೆಕ್ಕಕ್ಕೆ ಸೇರುವುದು ಅಂಗಡಿಯಿಂದ ಮನೆಗೆ ಒಯ್ಯುವ ಗ್ಯೋಜಾ ಮಾತ್ರ. ಹೋಟೆಲಿನಲ್ಲಿ ಕುಳಿತು ತಿಂದದ್ದು ಮತ್ತು ಹೆಪ್ಪುಗಟ್ಟಿಸಿದ ಪೊಟ್ಟಣಗಳು ಸೇರುವುದಿಲ್ಲ. ಯಾವ ಸಾಲು ನೋಡಲು ಪ್ರವಾಸಿಗರು ಬರುತ್ತಾರೋ, ಆ ಸಾಲಿಗೇ ಸಮೀಕ್ಷೆಯಲ್ಲಿ ಜಾಗವಿಲ್ಲ!

ಪಟ್ಟ ಹೋದರೂ ಜನ ಬರುವುದು ನಿಲ್ಲಲಿಲ್ಲ. ಇದಕ್ಕೆ ಕಾರಣ ಹುಡುಕಿದರೆ ಟೀವಿಗಿಂತ ಸಂಘದ ಪಾತ್ರವೇ ದೊಡ್ಡದಾಗಿ ಕಾಣುತ್ತದೆ. ಟೀವಿ ಒಂದು ಹೋಟೆಲನ್ನು ಮಾತ್ರ ಹೊಗಳಿದ್ದರೆ ಆ ಮಾಲೀಕನೊಬ್ಬ ಕೆಲಕಾಲ ಮೆರೆದು, ನೆರೆಯವರು ಕರುಬಿ, ಕಥೆ ಮುಗಿಯುತ್ತಿತ್ತು. ಇಲ್ಲಿ ಪರಸ್ಪರ ಪೈಪೋಟಿಯಿದ್ದವರೇ ಒಂದು ಹೆಸರಿನಡಿ ನಿಂತರು. ಒಬ್ಬರ ಬಾಗಿಲಲ್ಲಿ ಸಾಲು ಉದ್ದವಾದರೆ ಮತ್ತೊಬ್ಬರ ಬಾಗಿಲಿಗೆ ಗಿರಾಕಿ ಹೋಗುವಂತಾಯಿತು. ಜೊತೆಗೆ, ಕ್ಯಾಮೆರಾ ಬರುವ ಮೊದಲೂ ಊರಿನವರು ತಿನ್ನುತ್ತಿದ್ದ ತಿಂಡಿಯಾದ್ದರಿಂದ ಕ್ಯಾಮೆರಾ ಹೋದ ಮೇಲೂ ಅವರು ತಿನ್ನುವುದನ್ನು ಬಿಡಲಿಲ್ಲ.

ಮದ್ದೂರು ವಡೆ, ದಾವಣಗೆರೆ ಬೆಣ್ಣೆದೋಸೆ, ಬಿಡದಿ ತಟ್ಟೆ ಇಡ್ಲಿ ಎಂದು ಊರ ಹೆಸರಿನೊಡನೆ ತಿಂಡಿ ನೆನೆಯುವ ನಮಗೆ ಈ ಕಥೆ ಅಪರಿಚಿತವೇನಲ್ಲ. ಮುಂದಿನ ಬಾರಿ ಟೀವಿ ನೋಡಿ ಯಾವುದೋ ಊರಿಗೆ ಹೊರಟಾಗ, ತೋರಿಸಿದ ಹೋಟೆಲಿನ ಪಕ್ಕದ ಬಾಗಿಲಿನಲ್ಲೂ ಒಮ್ಮೆ ಇಣುಕಿ. ಊರಿನ ರುಚಿ ಉಳಿಯುವುದು ಅಲ್ಲಿಯೂ ಒಲೆ ಉರಿಯುತ್ತಿದ್ದರೆ ಮಾತ್ರ.